ಇಡ್ಲಿ ಪಾತ್ರೆಯಡಿ ಡಾಕ್ಟ್ರು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಬೀದಿಯಲ್ಲಿ ಲಾಕ್‌ಡೌನ್ ನಡೆಸಿದ್ದು ಸರ್ಕಾರವಲ್ಲ, ಪಕ್ಕದ ಮನೆಯ ಡಾಕ್ಟ್ರು. ಉಡುಪಿಯವರು, ಮೆಡಿಕಲ್ ಕಾಲೇಜಿನ ಲೆಕ್ಚರರ್. ಹೆಂಡತಿ ಊರಲ್ಲೇ ಸಿಕ್ಕಿಬಿದ್ದಿದ್ದರಿಂದ ಒಬ್ಬರೇ ಇದ್ದರು. ನಾನು ಗೇಟಿನ ಹತ್ತಿರ ನಿಂತರೆ ಸಾಕು, ಟೇಪು ಎಳೆದು ಅಂತರ ಅಳೆಯುತ್ತಿದ್ದರು.

"ರೂಲ್ ಅಂದ್ರೆ ರೂಲ್ ಮಾರಾಯ್ರೆ, ಹಿಂದೆ ಹೋಗಿ!"

ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಬಂತು. ಈ ಸೆಕೆಯ ಊರಿನ ರಸ್ತೆ ಹಿಮ ಬಿದ್ದ ಹಾಗೆ ಬೆಳ್ಳಗಾಯಿತು. ಯಾರಿಗೋ ಊಟ ಒಯ್ಯುತ್ತಿದ್ದ ಡೆಲಿವರಿ ಹೆಂಗಸೊಬ್ಬಳು ಸ್ಕೂಟರ್ ಬಿಟ್ಟು ಡಾಕ್ಟ್ರ ಗೇಟಿಗೆ ಓಡಿ ಬಂದಳು. ಹೊರಗಿನವರ ಜೊತೆ ಒಂದೇ ಸೂರಿನಡಿ ಇರಕೂಡದು ಎಂದು ದಿನಾ ಹೇಳುತ್ತಿದ್ದವರು ಅವರೇ. ಡಾಕ್ಟ್ರು ಆಕೆಯನ್ನು ಒಳಗೆ ಕಳಿಸಿದರು. ತಾವು ತಲೆಗೆ ಇಡ್ಲಿ ಪಾತ್ರೆ ಕವುಚಿಕೊಂಡು ರಸ್ತೆಗೆ ಬಂದು ನಿಂತರು. ಪಾತ್ರೆ ಠಣ್ ಠಣ್ ಎನ್ನತೊಡಗಿತು.

"ಅಂಕಲ್, ಕಮ್ ಇನ್ ಲಾ!" ಆಕೆ ಕಿಟಕಿಯಿಂದ ಮಲೇಷ್ಯಾದ ಇಂಗ್ಲಿಷಿನಲ್ಲಿ ಕೂಗಿದಳು.

"ನೋ ನೋ! ರೂಲ್ ಈಸ್ ರೂಲ್!"

ಮರುದಿನ ಮತ್ತೆ ಟೇಪು ಎಳೆಯುತ್ತಾ ನನಗೆ ಹೇಳಿದರು, "ಹೊರಗಿನವರನ್ನ ಮನೆಯೊಳಗೆ ಸೇರಿಸ್ಬೇಡಿ ಮಾರಾಯ್ರೆ."

"ಇಡ್ಲಿ ಪಾತ್ರೆ ಹೊತ್ತು ಹೊರಗೆ ನಿಂತ ಮನೆಯವರನ್ನ ಸೇರಿಸ್ಬಹುದಾ ಡಾಕ್ಟ್ರೇ?" ಎಂದೆ.

ಟೇಪು ಸರ್ರನೆ ಡಬ್ಬಿಯೊಳಗೆ ಹೋಯಿತು.