ಹದಿಮೂರನೆಯ ಸಲ ಒತ್ತಿದವರು ಯಾರು

ಫೆಬ್ರವರಿ ಹನ್ನೊಂದು, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಎರಡು ವರ್ಷದ ಹಿಂದಿನ ಮಾತು. ಈ ಪತ್ರಿಕೆಯಲ್ಲಿ ಓದುಗರ ವಿಚಿತ್ರ ಅನುಭವಗಳನ್ನು ಓದಿದಾಗಲೆಲ್ಲ, ಬರೆದವರು ಎಲ್ಲೋ ಲೆಕ್ಕ ತಪ್ಪಿರಬೇಕು ಎಂದುಕೊಳ್ಳುತ್ತಿದ್ದವನು ನಾನು. ಹೈಸ್ಕೂಲಿನಿಂದ ದಿನಚರಿ ಬರೆಯುತ್ತೇನೆ. ಲಿಂಗಸುಗೂರಿನಿಂದ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಸಿಂಧನೂರು ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದೂ ಅದರಲ್ಲಿರುತ್ತದೆ. ಅದೇ ದಿನಚರಿಯ ಒಂದು ಅಂಕಿ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆಗ ನಾನು ರಿಮೋಟಿನಿಂದ ಗೇಟು ತೆರೆಯುವ ಉಪಕರಣ ಮಾರುವ ಒಂದು ಸಣ್ಣ ಕಂಪನಿಯಲ್ಲಿದ್ದೆ. ಜೋಡಿಸಿ ತೋರಿಸುವುದು ನನ್ನ ಕೆಲಸ. ಸಿಂಧನೂರಿನ ಅಕ್ಕಿ ಗಿರಣಿಯೊಂದರ ಸಾಹುಕಾರರು ತಮ್ಮ ಗೇಟಿಗೆ ಡೆಮೊ ಕಿಟ್ ಹಾಕಿಸಿ, ಬೇರೆ ನಾಲ್ಕು ಗಿರಣಿ ಮಾಲೀಕರನ್ನೂ ನೋಡಲು ಕರೆಯುತ್ತೇನೆಂದು ಒಪ್ಪಿದ್ದರು.

ಕಿಟ್ ಎಂದರೆ ಗೇಟಿನ ಪಕ್ಕಕ್ಕೊಂದು ಪೆಟ್ಟಿಗೆ, ಮೂರು ರಿಮೋಟು. ಗುಂಡಿ ಒತ್ತಿದಾಗಲೆಲ್ಲ ರಿಮೋಟು ಹೊಸದೊಂದು ಗುಪ್ತ ಸಂಖ್ಯೆ ಕಳಿಸುತ್ತದೆ. ಒಮ್ಮೆ ಬಂದ ಸಂಖ್ಯೆಯನ್ನು ಪೆಟ್ಟಿಗೆ ಎರಡನೆಯ ಸಲ ಒಪ್ಪುವುದಿಲ್ಲ. ಅದಕ್ಕೇ ಅದು ಸುರಕ್ಷಿತ. ಯಾವ ರಿಮೋಟು, ಎಷ್ಟನೆಯ ಸಲ ಒತ್ತಿದ್ದು ಎಂಬುದು ಪೆಟ್ಟಿಗೆಯ ಪರದೆಯ ಮೇಲೆ ಮೂಡುತ್ತದೆ. ಗೇಟಿನ ಎದುರಿನ ಚಹಾದಂಗಡಿ ದಾಟಿದರೆ ರಿಮೋಟು ಕೆಲಸ ಮಾಡುವುದಿಲ್ಲ.

ಆ ಗೇಟನ್ನು ಅಷ್ಟು ವರ್ಷ ಕೈಯಿಂದಲೇ ತೆಗೆದು ಮುಚ್ಚುತ್ತಿದ್ದವರು ಅಮರಪ್ಪಜ್ಜ. ಅವರನ್ನು ಇನ್ನು ಮೇಲೆ ಲಾರಿ ತೂಗುವ ಕಾಟಾದ ಹತ್ತಿರ ಕೂರಿಸುವುದಾಗಿ ಸಾಹುಕಾರರು ಹೇಳಿದ್ದರು. ಹತ್ತನೆಯ ತಾರೀಖು ನಾನು ರಿಮೋಟುಗಳನ್ನು ಪರೀಕ್ಷಿಸುವಾಗ ಅಜ್ಜ ಪಕ್ಕದಲ್ಲೇ ನಿಂತಿದ್ದರು.

"ನನಗೂ ಒಂದು ಕೊಡು ತಮ್ಮಾ. ಬೀಗದ ಕೈ ಇಸ್ಕೊಂಡ್ರು, ಸೊಂಟ ಹಗರ ಆಗೇತಿ."

ಕನಿಕರವೆನಿಸಿತು. ಆದರೂ ಗೇಟು ತೆರೆಯುವ ರಿಮೋಟನ್ನು ಲೆಕ್ಕವಿಲ್ಲದೆ ಕೊಡುವವನಲ್ಲ ನಾನು. ಮೂರನೆಯ ರಿಮೋಟನ್ನು ಹನ್ನೆರಡು ಸಲ ಒತ್ತಿ ಪರೀಕ್ಷಿಸಿದ್ದೆ. ಅಜ್ಜ ಚಹಾ ತರಲು ಹೋದಾಗ ಅದರ ಸೆಲ್ ತೆಗೆದು, ಹಿಂದಿನ ಮುಚ್ಚಳಕ್ಕೆ ಅಡ್ಡಲಾಗಿ ಕಾಗದದ ಚೀಟಿ ಅಂಟಿಸಿ, ಅದರ ಮೇಲೆ ತಾರೀಖು, '12' ಎಂಬ ಅಂಕಿ, ನನ್ನ ಸಹಿ ಹಾಕಿದೆ. ಬಂದ ಮೇಲೆ ಕೊಟ್ಟೆ. ಅವರು ಅದನ್ನು ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ ಜೇಬಿಗಿಟ್ಟುಕೊಂಡರು. ಮರುದಿನ ಬೆಳಿಗ್ಗೆ ರಜೆಯ ಮೇಲೆ ಇಪ್ಪತ್ತು ಕಿಲೋಮೀಟರಿಗೂ ಆಚೆಯ ಮಸ್ಕಿಗೆ, ಮಗಳ ಮನೆಗೆ ಹೋದರು.

ಆ ಮಧ್ಯಾಹ್ನ ಮಾಲೀಕರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಉಳಿದ ಎರಡು ರಿಮೋಟುಗಳೂ ಅವರ ಮುಂದೆ ಮೇಜಿನ ಮೇಲಿದ್ದವು. ಮೂರು ನಲವತ್ತಕ್ಕೆ ಹೊರಗೆ ಭತ್ತದ ಲಾರಿ ಬಂದು ಹಾರನ್ ಮಾಡಿತು. ನಾನು ರಿಮೋಟಿಗೆ ಕೈ ಚಾಚುವ ಮೊದಲೇ ಗೇಟು ಸರಿಯಿತು. ಪರದೆಯ ಮೇಲೆ ಬಂದದ್ದು: ರಿಮೋಟು 3, ಎಣಿಕೆ 13.

"ಮೂರನೇದ್ ಯಾರತ್ರ ಐತಿ?" ಸಾಹುಕಾರರು ಕೇಳಿದರು.

"ಅಮರಪ್ಪಜ್ಜನ ಹತ್ರ ರೀ."

ಅದರಲ್ಲಿ ಸೆಲ್ ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಪೆಟ್ಟಿಗೆಯೇ ಸರಿಯಿಲ್ಲವೆಂದು ನಾಲ್ವರೂ ಎದ್ದು ಹೋಗುತ್ತಿದ್ದರು. ನುಂಗಿಕೊಂಡೆ.

"ಮಸ್ಕಿಗಿ ಹೊಕ್ಕೀನಂತ ಹೇಳಿ ಇಲ್ಲೇ ಎಲ್ಲೋ ಕುಂತಾನ. ಹಿಂಗ ಯಾರ್ಯಾರ ಲಾರಿ ಒಳಗ ಬಿಟ್ಟಾನೋ ಏನೋ."

ಮಾಲೀಕರಲ್ಲೊಬ್ಬರು ನಕ್ಕರು. "ಭಾರಿ ಐತಲ್ರೀ ಸಾವ್ಕಾರ. ಕಳ್ಳನ್ನ ನಂಬರ್ ಸಮೇತ ತೋರಸ್ತೈತಿ."

ಮೂವರು ಅಲ್ಲೇ ಆರ್ಡರ್ ಕೊಟ್ಟರು. ಸಾಹುಕಾರರು ನನ್ನೆದುರೇ ಅಜ್ಜನಿಗೆ ಫೋನ್ ಮಾಡಿ, ಕಳ್ಳ ಎಂದು ಬೈದು, ಕಾಟಾದ ಕೆಲಸಕ್ಕೂ ಬರಬೇಡ ಎಂದರು. ಕಂಪನಿಯವರು ಸಂಜೆ ನನ್ನನ್ನು ಹೊಗಳಿದರು.

ಹನ್ನೆರಡನೆಯ ತಾರೀಖು, ಬೆಳಿಗ್ಗೆ ಹತ್ತೂಕಾಲಿಗೆ ಮಸ್ಕಿಯಲ್ಲಿ ಇಳಿದೆ. ಅಜ್ಜ ಮಗಳ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ರಿಮೋಟು ತರಿಸಿ ನೋಡಿದೆ. ಚೀಟಿ ಹರಿದಿರಲಿಲ್ಲ, ಸಹಿ ನನ್ನದೇ.

"ಅಜ್ಜಾ, ನಿನ್ನೆ ಇದನ್ನ ಒತ್ತಿದ್ರೇನ್ರಿ?"

"ಒಂದ ಸಲ ಒತ್ತೀನಿ. ಉಂಡು ಅಡ್ಡಾಗಿದ್ದೆ. ಲಾರಿ ಹಾರನ್ ಕೇಳಿದಂಗಾತು, ಕೈ ತಡೀಲಿಲ್ಲ."

"ಇದರಾಗ ಸೆಲ್ ಇಲ್ರಿ."

"ಗೊತ್ತೈತಿ ಬಿಡು. ನೀ ಕೈಯಾಗ ಇಟ್ಟಾಗ್ಲೇ ತೂಕಕ್ಕ ತಿಳೀತು. ಪಾಪ, ಹುಡುಗನ ಮನಸ್ಸಿಗಿ ಯಾಕ ನೋವಂತ ಸುಮ್ಮನ ಇಟಗೊಂಡೆ." ಆಮೇಲೆ ಕೇಳಿದರು, "ಸೆಲ್ ಇಲ್ಲಂತ ಸಾವ್ಕಾರಗ ನೀ ಹೇಳಿದ್ದಿಲ್ಲೇನು?"

ಹೇಳಿರಲಿಲ್ಲ. ಮಗಳು ಚಹಾ ತಂದಾಗ ನನಗೆ ಬೇಡವೆಂದು ಅಜ್ಜ ತಾವೇ ಹೇಳಿ ಕಳಿಸಿದರು.

ರಿಮೋಟನ್ನು ಸಿಂಧನೂರಿಗೆ ತಂದೆ. ಗೇಟಿನ ಮುಂದೆ ಚೀಟಿ ಹರಿದು, ಹೊಸ ಸೆಲ್ ಹಾಕಿ ಒತ್ತಿದೆ. ಗೇಟು ತೆರೆಯಲಿಲ್ಲ. ಹಳೆಯ ಸಂಖ್ಯೆ ಎಂದು ಪೆಟ್ಟಿಗೆ ತಿರಸ್ಕರಿಸಿತು. ಮತ್ತೊಮ್ಮೆ ಒತ್ತಿದೆ. ತೆರೆಯಿತು, ಎಣಿಕೆ 14. ಅಂದರೆ ನನ್ನ ಕೈಯಲ್ಲಿದ್ದ ರಿಮೋಟು ಹದಿಮೂರನೆಯ ಸಂಖ್ಯೆಯನ್ನು ಕಳಿಸಿದ್ದು ಆ ದಿನವೇ. ಪೆಟ್ಟಿಗೆಗೆ ಅದು ಹಿಂದಿನ ದಿನವೇ ಬಂದು ಮುಟ್ಟಿತ್ತು.

ಆಗಲೇ ಹೋಗಿ ಸಾಹುಕಾರರಿಗೆ ಎಲ್ಲವನ್ನೂ ಹೇಳಿದೆ, ದಿನಚರಿ ತೋರಿಸಿದೆ. ಅವರು ಪುಟ ತಿರುವಿ ಹಾಕಿದರು. "ಸೆಲ್ ಇಲ್ಲದ್ದು ಹೆಂಗ ತೆಗೀತೈತೋ ತಮ್ಮಾ? ಮುದುಕನ ಮ್ಯಾಲೆ ಕನಿಕರ ಬಂದೈತಿ ನಿನಗ. ಖರೇ ಇದ್ರ ನಿನ್ನೆನೇ ಹೇಳತಿದ್ದಿ."

ಕಂಪನಿಯ ಆ ಕೆಲಸವನ್ನು ನಾಲ್ಕು ತಿಂಗಳಲ್ಲಿ ಬಿಟ್ಟೆ. ಆ ಗೇಟು ಈಗಲೂ ರಿಮೋಟಿನಿಂದಲೇ ತೆರೆಯುತ್ತದೆ, ಒಮ್ಮೆಯೂ ಕೆಟ್ಟಿಲ್ಲವಂತೆ. ಕಾಟಾದ ಹತ್ತಿರ ಬೇರೆ ಯಾರೋ ಕೂರುತ್ತಾರೆ.

ಈ ಉಪಕರಣಗಳನ್ನು ಬಲ್ಲವರು ಇದನ್ನು ಓದುತ್ತಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ತಪ್ಪು ನನ್ನದೇ ಆಗಿದ್ದರೂ ಚಿಂತೆಯಿಲ್ಲ, ಹಾಗಾದರೆ ಇನ್ನೂ ಒಳ್ಳೆಯದು. ಅಮರಪ್ಪಜ್ಜ ಮಸ್ಕಿಯಲ್ಲೇ ಇದ್ದಾರೆ. ಸಾಹುಕಾರರ ಮುಂದಿಡಲು ನನಗೆ ಕಾಗದದ ಮೇಲೆ ಒಂದು ಕಾರಣ ಬೇಕು.