ತಂಪು ಕೈಯವಳ ಕಿಟಕಿ

ಹೊಸದಾಗಿ ಹುಟ್ಟಿದ ಮೊಮ್ಮಗಳು ಆಸ್ಪತ್ರೆಯಿಂದ ಮನೆಗೆ ಬಂದಾಗಿನಿಂದ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೇನೆ. ಮುಂಬಯಿಯ ನಮ್ಮ ಈ ಚಾಳಿನಲ್ಲಿ ಯಾರು ಎದುರಾದರೂ ಬಿಡುವುದಿಲ್ಲ, ನಿಲ್ಲಿಸಿ ಹೇಳುತ್ತೇನೆ. ಹಾಲಿನವನಿಗೂ ಹೇಳಿದೆ, ಅವನು ಮರುದಿನ ಬಂದಾಗ ಮರೆತಿದ್ದಾನೇನೋ ಎಂದು ಮತ್ತೆ ಹೇಳಿದೆ. ನಾನು ಕಲಿತದ್ದು ಎರಡನೆಯ ಇಯತ್ತೆ. ಅಕ್ಷರ ಬರುತ್ತದೆ, ಬರೆಯುವ ರೂಢಿ ಇಲ್ಲ. ಆದರೂ ಬರೆಯಲು ಕುಳಿತೆ, ಏಕೆಂದರೆ ಈ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಕುಳಿತಿದೆ, ಅದೂ ಹಿಡಿಸುತ್ತಿಲ್ಲ. ಅದು ಹೊಟ್ಟೆಕಿಚ್ಚು.

ಮಗು ನನ್ನ ಕೈಯಲ್ಲಿ ಅಳುತ್ತದೆ. ಸೊಸೆಯ ತಾಯಿ, ನನ್ನ ಬೀಗತಿ, ಎತ್ತಿಕೊಂಡರೆ ಗಪ್ಪನೆ ಸುಮ್ಮನಾಗುತ್ತದೆ. ಬೇಸಿಗೆಯಲ್ಲವೇ, ಅವಳ ಕೈ ತಂಪು. ಆ ತಂಪು ಕೈಯ ಮೇಲೆ ನನಗೆ ಇರುವ ಹೊಟ್ಟೆಕಿಚ್ಚು ಇಂದಿನದಲ್ಲ. ನನ್ನ ಮಗ ಹುಟ್ಟುವುದಕ್ಕಿಂತ ಹಳೆಯದು.

ಆಗ ಮುಂಬಯಿಯಲ್ಲಿ ಇನ್ನೂ ಟ್ರಾಮ್ ಓಡುತ್ತಿತ್ತು. ನಾನು ನಿಪ್ಪಾಣಿ ಕಡೆಯಿಂದ ಮದುವೆಯಾಗಿ ಬಂದವಳು. ಮನೆಯವರು ಲೋಕಲ್ ರೈಲು ಹಿಡಿದು ಪರೇಲಿನ ಬಟ್ಟೆ ಗಿರಣಿಗೆ ಹೋಗುತ್ತಿದ್ದರು. ನಾನು ಜೋಗೇಶ್ವರಿಯಲ್ಲಿ ನಮ್ಮ ಚಾಳಿನ ಹಿಂದಿದ್ದ ತಗಡಿನ ಶೆಡ್ಡಿಗೆ ಹೋಗುತ್ತಿದ್ದೆ. ಅಲ್ಲಿ ಸಿಗಾರ್ ಕಟ್ಟುತ್ತಿದ್ದರು. ನಮ್ಮ ಊರ ಕಡೆ ಹುಟ್ಟಿದವರಿಗೆ ತಂಬಾಕಿನ ವಾಸನೆ ತಾಯಿಯ ಸೆರಗಿನ ವಾಸನೆಯಿದ್ದಂತೆ. ಹೋದ ದಿನವೇ ನನಗೆ ಆ ಶೆಡ್ಡು ತವರುಮನೆ ಅನ್ನಿಸಿತ್ತು.

ಸಿಗಾರ್ ಎಂದರೆ ಬೀಡಿಯಂತಲ್ಲ. ಒಳಗೆ ತುಂಬುವ ಸೊಪ್ಪು ಒಂದು, ಅದನ್ನು ಬಿಗಿ ಹಿಡಿಯುವ ಎಲೆ ಒಂದು, ಎಲ್ಲದರ ಮೇಲೆ ಕೊನೆಗೆ ಸುತ್ತುವ ಎಲೆ ಇನ್ನೊಂದು. ಆ ಮೇಲಿನ ಎಲೆಗೇ ಮರ್ಯಾದೆ ಎಲ್ಲ. ಅದರಲ್ಲಿ ತೂತಿರಬಾರದು, ದಪ್ಪ ನರ ಇರಬಾರದು. ಒಂದು ಪೆಟ್ಟಿಗೆಯಲ್ಲಿ ಮಲಗುವ ಸಿಗಾರುಗಳೆಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಬಣ್ಣದವಾಗಿರಬೇಕು. ಬಣ್ಣ ನೋಡಿ ಎಲೆ ಬೇರೆ ಮಾಡುವುದು ನಮ್ಮ ಹೆಂಗಸರ ಕೆಲಸ. ನಾವು ಬಣ್ಣಗಳಿಗೆ ಅಡುಗೆಮನೆಯ ಹೆಸರು ಇಟ್ಟಿದ್ದೆವು. ಹಾಲು ಹಾಕಿದ ಚಹಾ, ಹೊಸ ಬೆಲ್ಲ, ಹಳೆ ಬೆಲ್ಲ, ಕರಿದ ಉಳ್ಳಾಗಡ್ಡಿ.

ಹಿಂದಿನ ಸಂಜೆಯೇ ಎಲೆಗೆ ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸಿ ಇಡುತ್ತಿದ್ದರು. ಬೆಳಿಗ್ಗೆ ಅದು ರೇಷ್ಮೆಯಾಗಿರುತ್ತಿತ್ತು. ಒಂದೊಂದನ್ನೇ ಬಿಡಿಸಿ, ಅಂಗೈಯಲ್ಲಿ ಸವರಿ, ಬೆಳಕಿಗೆ ಹಿಡಿಯಬೇಕು. ಬಿಸಿಲು ಬಿದ್ದರೆ ಎಲೆ ಒಣಗುತ್ತದೆ, ದೀಪ ಹಚ್ಚಿದರೆ ಬಣ್ಣ ಸುಳ್ಳು ಹೇಳುತ್ತದೆ. ಬಿಸಿಲಿಲ್ಲದ ಬೆಳಕು ಇದ್ದದ್ದು ಶೆಡ್ಡಿನ ಉತ್ತರದ ಕಿಟಕಿ ಒಂದರಲ್ಲಿ ಮಾತ್ರ. ಹಾಗಾಗಿ ಮೇಲಿನ ಎಲೆ ಆರಿಸುವವಳಿಗೆ ಆ ಕಿಟಕಿ. ಉಳಿದವರೆಲ್ಲ ಕತ್ತಲೆಯಲ್ಲಿ ಕುಳಿತು ಒಳಗೆ ತುಂಬುವ ಸೊಪ್ಪಿನ ನರ ಕೀಳಬೇಕು, ಕೆಮ್ಮಬೇಕು.

ಕಿಟಕಿಯಲ್ಲಿ ಕುಳಿತಿದ್ದ ಮುದುಕಿಗೆ ಕಣ್ಣಿನ ಪೊರೆ ಬಂದು ಅವಳು ಊರಿಗೆ ಹೋದಳು. ಇನ್ನು ಆ ಜಾಗ ನನ್ನದೇ ಎಂದು ನಾನು ಕಿಟಕಿಯ ಕಟ್ಟೆ ಒರೆಸಿ ಇಟ್ಟೆ. ಶೆಡ್ಡಿನಲ್ಲಿ ನನ್ನಷ್ಟು ಬಣ್ಣ ತಿಳಿದವರು ಯಾರಿದ್ದರು? ಅಷ್ಟರಲ್ಲಿ ಉಡುಪಿ ಕಡೆಯ ಒಬ್ಬಳು ಬಂದಳು. ಅವಳ ಗಂಡ ಪಾರ್ಲೆಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ನಮ್ಮ ಚಾಳಿನಲ್ಲೇ ಮೇಲಿನ ಮಾಳಿಗೆಯಲ್ಲಿ ಖೋಲಿ ಹಿಡಿದಿದ್ದರು. ಕಿಟಕಿ ಯಾರಿಗೆ ಎಂದು ನೋಡಲು, ಶೆಡ್ಡಿನ ಮೇಲ್ವಿಚಾರಣೆ ಮಾಡುತ್ತಿದ್ದ ಮುಕಾದಮ ಒಂದು ಎಲೆ ತೆಗೆದು ನನ್ನ ಅಂಗೈ ಮೇಲೆ ಹಾಸಿದ. ನೋಡುನೋಡುತ್ತಲೇ ಎಲೆಯ ಅಂಚು ಹಪ್ಪಳದಂತೆ ಮುರುಟಿತು. ಅದೇ ಕಟ್ಟಿನ ಇನ್ನೊಂದು ಎಲೆ ಅವಳ ಅಂಗೈ ಮೇಲೆ ಹಾಸಿದ. ಅದು ತೊಟ್ಟಿಲಿನಲ್ಲಿ ಮಲಗಿದ ಹಾಗೆ ಮಲಗಿತು.

"ತಂಗೀ, ನಿನ್ನ ಕಣ್ಣು ಛಲೋ ಅದಾವ. ಕೈ ಮಾತ್ರ ತವಾ," ಅಂದ ಮುಕಾದಮ. "ಕಿಟಕಿ ಆಕೀಗೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳ ಅಂಗೈಯಲ್ಲಿ ಯಾವಾಗಲೂ ಸಣ್ಣಗೆ ಬೆವರು, ಬಾವಿಕಟ್ಟೆಯ ಕಲ್ಲಿನ ಹಾಗೆ ತಂಪು. ದೇವರು ಒಬ್ಬಳಿಗೆ ರೂಪ ಕೊಟ್ಟರೆ ಸಹಿಸಬಹುದು, ಬಂಗಾರ ಕೊಟ್ಟರೆ ಸಹಿಸಬಹುದು. ಕೈಬೆವರಿಗೆ ಹೊಟ್ಟೆ ಉರಿದುಕೊಂಡವಳು ಈ ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು.

ನಾನು ತಂಬಿಗೆಯ ನೀರಿನಲ್ಲಿ ಕೈ ಅದ್ದಿ ಅದ್ದಿ ನೋಡಿದೆ. ಎಲೆಯ ಮೇಲೆ ನೀರಿನ ಕಲೆ ಬಿದ್ದು ಬೈಸಿಕೊಂಡೆ. ಆಮೇಲೆ ನನಗೆ ಹೊಳೆಯಿತು: ದಿನಾ ಜೋಳದ ರೊಟ್ಟಿ ಬಡಿದು ಬಡಿದು, ತವಾದ ಮೇಲೆ ತಿರುವಿ ತಿರುವಿ ಕೈ ಹೀಗಾಗಿದೆ. ರೊಟ್ಟಿ ಬಡಿಯುವುದನ್ನೇ ಬಿಟ್ಟೆ.

ಮನೆಯವರು ಕೆಲವು ದಿನ ಅನ್ನವನ್ನೇ ಉಂಡರು. ಒಂದು ದಿನ ತಾಟು ಸರಿಸಿದರು. "ಏನ್ ಆಗೇತಿ ನಿನಗ? ಮೂರೂ ಹೊತ್ತು ಅನ್ನಾ ಉಂಡು ನಾ ಏನ್ ಉಡುಪಿಯಂವ ಆಗ್ಲೇನು?"

"ಆಕಿ ಅನ್ನಾನ ಉಣ್ತಾಳ್ರೀ. ಅದಕ್ಕ ಆಕಿ ಕೈ ತಂಪು."

"ಆಕಿ ಗಂಡನೂ ಅನ್ನಾನ ಉಣ್ತಾನ. ದೋಸೆಕಲ್ಲಿನ ಮುಂದ ನಿಂತು ಆಂವನ ಕೈ ಹೆಂಗ ಆಗೇತಿ ಕೇಳ್ಕೊಂಡು ಬಾ ಹೋಗು. ನಾಳಿಂದ ನನಗ ರೊಟ್ಟಿ ಬೇಕು."

ಕೈ ತಂಪಾಗಲಿಲ್ಲ, ಮನೆಯಲ್ಲಿ ಜಗಳ ಮಾತ್ರ ಬಿಸಿಯಾಯಿತು. ಮತ್ತೆ ರೊಟ್ಟಿ ಬಡಿದೆ. ಬಡಿಯುವಾಗ ಯಾರನ್ನು ನೆನೆದೆ ಎಂದು ಬರೆಯಬೇಕಾಗಿಲ್ಲ. ಆ ದಿನಗಳ ರೊಟ್ಟಿ ಬಹಳ ತೆಳ್ಳಗೆ ಬರುತ್ತಿತ್ತು.

ಶೆಡ್ಡಿನಲ್ಲಿ ಕುಳಿತರೆ ನನ್ನ ಕೈ ಸೊಪ್ಪಿನಲ್ಲಿ, ಕಣ್ಣು ಕಿಟಕಿಯಲ್ಲಿ. ಅವಳು ಎಲೆ ಬಿಡಿಸುವುದನ್ನು, ಬೆಳಕಿಗೆ ಹಿಡಿಯುವುದನ್ನು, ಯಾವ ಗುಡ್ಡೆಗೆ ಹಾಕುತ್ತಾಳೆ ಎನ್ನುವುದನ್ನು ನೋಡುವುದೇ ನೋಡುವುದು. ಅವಳು ಹಾಕುವ ಮೊದಲೇ ನಾನು ಮನಸ್ಸಿನಲ್ಲಿ ಹೇಳಿಬಿಡುತ್ತಿದ್ದೆ, ಇದು ಚಹಾ, ಇದು ಹೊಸ ಬೆಲ್ಲ. ಅವಳು ತಪ್ಪಲಿ ಎಂದು ಕಾಯುತ್ತಿದ್ದೆ. ಅವಳು ತಪ್ಪುತ್ತಿರಲಿಲ್ಲ.

"ಎಂತ ಅಕ್ಕ, ಹಾಗೆ ನೋಡುದು? ನನ್ನ ಮುಖದಲ್ಲಿ ಎಲೆ ಅಂಟಿದೆಯಾ?" ಎಂದಳು ಒಂದು ದಿನ.

"ನಿನ್ನ ಮುಖಾ ಯಾರು ನೋಡ್ತಾರ? ನಾ ಬೆಳಕು ನೋಡಾಕತ್ತೇನಿ."

ಬಾಯಿಗೆ ಬಂದ ಸುಳ್ಳು ಅದು. ಮಳೆಗಾಲ ಮುಗಿದ ಮೇಲೆ ಅದೇ ನಿಜವಾಯಿತು.

ಮಳೆ ನಿಂತು ದಸರೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ನೋಡುತ್ತೇನೆ, ಅವಳ ಕೆನ್ನೆ ಕೆಂಪಗೆ ಹೊಳೆಯುತ್ತಿದೆ. ನನ್ನ ಎದೆಯಲ್ಲಿ ಧಗ್ಗೆಂದಿತು. ಕಿಟಕಿ ಸಿಕ್ಕಿದ್ದು ಸಾಲದೆಂದು ಕೆನ್ನೆಗೆ ಬಣ್ಣ ಬೇರೆ ಬಂತಲ್ಲ ಇವಳಿಗೆ! ಆಮೇಲೆ ಅವಳ ಬಿಳಿ ರವಿಕೆಯ ತೋಳು ನೋಡಿದೆ. ಅದೂ ಕೆಂಪು. ಪಕ್ಕದಲ್ಲಿದ್ದ ಗಿಂಡಿಯೂ ಕೆಂಪು. ಎದ್ದು ಕಿಟಕಿಯ ಹತ್ತಿರ ಹೋದೆ. ಓಣಿಯ ಆಚೆ ಬಟ್ಟೆಗೆ ಬಣ್ಣ ಹಾಕುವವರ ಅಂಗಳವಿತ್ತು. ಹಬ್ಬಕ್ಕೆಂದು ಕೆಂಪು ಬಟ್ಟೆಯ ತಾನುಗಳನ್ನು ಹಗ್ಗದ ಮೇಲೆ ಒಣಹಾಕಿದ್ದರು. ಬಿಸಿಲು ಆ ಬಟ್ಟೆಗೆ ಬಡಿದು, ಬಟ್ಟೆಯ ಕೆಂಪು ಕಿಟಕಿಯೊಳಗೆ ಬರುತ್ತಿತ್ತು. ಬೆಳಿಗ್ಗೆಯಿಂದ ಒಂದೊಂದಾಗಿ ಹಾಕುತ್ತಾ ಬಂದಿದ್ದರಿಂದ, ಅದರಲ್ಲೇ ಕುಳಿತವಳ ಕಣ್ಣಿಗೆ ಅದು ಗೊತ್ತೇ ಆಗಿರಲಿಲ್ಲ. ಕತ್ತಲೆಯಲ್ಲಿ ಕುಳಿತು ಹೊಟ್ಟೆ ಉರಿದುಕೊಳ್ಳುತ್ತಿದ್ದವಳಿಗೆ ಗೊತ್ತಾಯಿತು.

"ಮುಕಾದಮ್! ಇಲ್ಲಿ ಬರ್ರಿ! ಈಕಿ ಚಹಾ ಎಲ್ಲಾ ಬೆಲ್ಲಾ ಮಾಡಿ ಇಟ್ಟಾಳ!" ಎಂದು ಶೆಡ್ಡೆಲ್ಲ ಕೇಳುವಂತೆ ಕೂಗಿದೆ. ಕೂಗುವಾಗ ಇದ್ದ ಸುಖ, ಏನು ಹೇಳಲಿ, ಹೋಳಿಗೆಗೆ ತುಪ್ಪ ಹಾಕಿದ ಹಾಗಿತ್ತು.

ಅವಳ ಹೊಸ ಬೆಲ್ಲದ ಗುಡ್ಡೆಯನ್ನು ಹೊರಗೆ ನೆರಳಿನಲ್ಲಿ ಗೋಣಿಯ ಮೇಲೆ ಹರಡಿದರು. ಅರ್ಧಕ್ಕರ್ಧ ಚಹಾ. ಸುತ್ತುವವರ ಕೈಗೆ ಹೋದ ಎಲೆಗಳದೂ ಅದೇ ಗತಿ. ಮುಕಾದಮ ಮರಾಠಿಯಲ್ಲಿ ಬೈದ, ಹಿಂದಿಯಲ್ಲಿ ಬೈದ, ಸಾಲದೆ ಕನ್ನಡದಲ್ಲಿ ಬೈದ. "ನಾಳಿಂದ ಬರಬ್ಯಾಡ ನೀ," ಅಂದ. ನನಗೆ, "ಕೂಡು ತಂಗೀ ಕಿಟಕ್ಯಾಗ," ಅಂದ.

ಬಟ್ಟೆಯವರಿಗೆ ಹೇಳಿ ಹಗ್ಗ ಸರಿಸಿದರು. ನಾನು ಹೋಗಿ ಕಿಟಕಿಯಲ್ಲಿ ಕುಳಿತೆ. ಏನು ಬೆಳಕು ಅಲ್ಲಿ! ಒಂದು ಎಲೆ ಎತ್ತಿಕೊಂಡೆ. ಚಹಾ ಎಂದೆ. ಬಿಡಿಸುವಷ್ಟರಲ್ಲಿ ಚರ್ ಎಂದು ಹರಿಯಿತು. ಇನ್ನೊಂದು ಎತ್ತಿಕೊಂಡೆ. ಅದು ಅಂಚಿನಲ್ಲಿ ಮುರುಟಿತು. ಯಾರೋ ಕಿಸಕ್ಕೆಂದರು. ಅವಳು ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು ನಿಂತಿದ್ದವಳು, ತಡೆಯಲಾರದೆ ಬಂದು ನನ್ನ ಕೈಯಿಂದ ಎಲೆ ಕಸಿದುಕೊಂಡಳು.

"ಅಯ್ಯೋ ಮಾರಾಯ್ತಿ, ಕೊಲ್ಬೇಡಿ ಅದನ್ನು! ನಾನು ಬಿಡಿಸ್ತೇನೆ, ನೀವು ನೋಡಿ ಬಣ್ಣ ಹೇಳಿ."

ಅವಳು ಬಿಡಿಸಿದಳು. ನಾನು ಹೇಳಿದೆ. ಬಿಡಿಸಿದಳು, ಹೇಳಿದೆ. ಮುಕಾದಮ ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಇಬ್ಬರೂ ಕೂಡ್ರಿ ಹಂಗಾರ," ಅಂದು ಹೊರಟುಹೋದ.

ಹೀಗೆ ಒಬ್ಬರ ಜಾಗದಲ್ಲಿ ಇಬ್ಬರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತೆವು. ಹೊಟ್ಟೆಕಿಚ್ಚು ಹೋಯಿತೆಂದು ತಿಳಿಯಬೇಡಿ. ದೂರದಿಂದ ನೋಡುತ್ತಿದ್ದ ಆ ಕೈಯನ್ನು ಈಗ ದಿನವಿಡೀ ಮೂಗಿನ ಮುಂದೆ ನೋಡಬೇಕಾಯಿತು. ನಾವಿಬ್ಬರೂ ಬಸುರಿಯಾದದ್ದೂ ಆ ಕಿಟಕಿಯಲ್ಲಿ ಕುಳಿತೇ. ಮೊದಲು ನನ್ನ ಮಗ, ಆಮೇಲೆ ಅವಳ ಮಗಳು. ಚಾಳಿನ ಒಂದೇ ಪಡಸಾಲೆಯ ಕಟಾಂಜನ ಹಿಡಿದು ಆಡಿ ಬೆಳೆದ ಆ ಎರಡೂ ಒಂದು ದಿನ ಮದುವೆಯಾಗುತ್ತೇವೆ ಎಂದವು. ಊರು ಬೇರೆ, ಜಾತಿ ಬೇರೆ ಎಂದು ಅವಳ ಕಡೆಯವರು ಮುಖ ಗಂಟಿಕ್ಕಿದರು, ನಮ್ಮ ಕಡೆಯವರು ಮದುವೆಗೇ ಬರಲಿಲ್ಲ. ನಾವಿಬ್ಬರು ಮಾತ್ರ ಎದುರಾಡಲಿಲ್ಲ. ಏನೆಂದು ಆಡುವುದು? ಎಲೆ ಬೇರೆ ಬೇರೆ ಗುಡ್ಡೆಗೆ ಹಾಕುವುದು ಶೆಡ್ಡಿನ ಕೆಲಸ, ಮನೆಯದಲ್ಲ.

ಈಗ ಈ ಕೂಸು. ಬೀಗತಿಯ ಮಡಿಲಲ್ಲಿ ಮಲಗಿದರೆ ಎಲೆ ಮಲಗಿದ ಹಾಗೆಯೇ ಮಲಗುತ್ತದೆ. ನಾನು ಕೈಚಾಚಿದರೆ ಅವಳು, "ಬೇಡ ಅಕ್ಕ, ಸೆಕೆ. ನಿಮ್ಮದು ತವಾ," ಎನ್ನುತ್ತಾಳೆ. ಅಷ್ಟು ವರ್ಷದ ಹಿಂದಿನ ಮಾತು ಮರೆತಿಲ್ಲ ನೋಡಿ!

ನಿನ್ನೆ ಬೆಳಿಗ್ಗೆ ಮಗುವಿಗೆ ಮೊದಲ ಸಲ ಎಣ್ಣೆ ಹಚ್ಚಿ ಎರೆಯುವುದಿತ್ತು. ಬಾಣಂತಿಯ ತಾಯಿಯದೇ ಹಕ್ಕು ಎಂದು ಬೀಗತಿ ಕಾಲು ನೀಡಿ ಕುಳಿತಳು. ಎಣ್ಣೆ ಬೆಚ್ಚಗಿತ್ತು. ಆದರೆ ಅವಳ ತಂಪು ಅಂಗೈ ಬೆತ್ತಲೆ ಎದೆಗೆ ತಾಗಿದ್ದೇ ತಡ, ಮಗು ಬೆಚ್ಚಿ, ಚಾಳು ಎದ್ದು ಬರುವಂತೆ ಕಿರುಚಿತು. ಹಚ್ಚಿದಷ್ಟೂ ಕಿರುಚಿತು. ಸೊಸೆ ಒಳಗಿನಿಂದ, "ಅತ್ತೆ, ನೀವು ನೋಡಿ ಒಮ್ಮೆ," ಎಂದಳು.

ನಾನು ಕುಳಿತೆ. ಎಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಅದರ ಬೆನ್ನ ಮೇಲೆ ಇಟ್ಟೆ. ಅಳು ಅರ್ಧಕ್ಕೇ ನಿಂತಿತು. ಕಾಲು ನೀವಿದೆ, ತೋಳು ನೀವಿದೆ. ಕೂಸು ನನ್ನ ಕಾಲ ಮೇಲೆ ಮೆತ್ತಗಾಗಿ, ಬಾಯಿ ತೆರೆದು, ಒಂದು ಆಕಳಿಕೆ ತೆಗೆಯಿತು. ರೊಟ್ಟಿ ಬಡಿದ ಕೈ ಇದು, ನನ್ನವ್ವಾ!

ಬೀಗತಿ ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಕಣ್ಣು ನನ್ನ ಕೈಯ ಮೇಲೆ. ಆ ನೋಟ ನನಗೆ ಗೊತ್ತು, ನನ್ನದೇ ನೋಟ ಅದು.

"ಏನ್ ಹಂಗ ನೋಡಾಕತ್ತಿ?" ಎಂದೆ.

"ನಿಮ್ಮನ್ನು ಯಾರು ನೋಡ್ತಾರೆ? ಮಗುವನ್ನು ನೋಡುದು ನಾನು," ಎಂದಳು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ಒಂದು ಕಾಲಾದ್ರೂ ಬಿಡಿ ಅಕ್ಕ, ನಾನು ಹಚ್ಚುತ್ತೇನೆ."

"ಬಿಡಂಗಿಲ್ಲ," ಎಂದೆ. "ಗಾಳಿ ಬರಾಕತ್ತೇತಿ, ಹೋಗು, ಆ ಕಿಟಕಿ ಮುಚ್ಚು."

ಅವಳು ಗೊಣಗುತ್ತಾ ಹೋಗಿ ಕಿಟಕಿ ಮುಚ್ಚಿದಳು.