ಕ್ಯಾಸೆಟ್ಟಿನ ಎರಡನೇ ಕಡೆ

ಸಲೀಂ, ಆ ಕ್ಯಾಸೆಟ್ಟಿನ ಎರಡನೇ ಕಡೆ ಖಾಲಿ ಇರಲಿಲ್ಲ. ಅದನ್ನು ಖಾಲಿ ಮಾಡಿದವನು ನಾನು. ನಿನ್ನ ಅಣ್ಣ ಅನ್ವರ್ ಭಾಯ್ ಸುಳ್ಳು ಹೇಳಲಿಲ್ಲ.

ಇಷ್ಟು ಬರೆಯಲು ನನಗೆ ಮೂರು ವರ್ಷ ಬೇಕಾಯಿತು. ಬರೆದ ಮೇಲೂ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದೆ. ಯಾರು ಬರುತ್ತಾರೆ ಈ ಹೊತ್ತಿನಲ್ಲಿ? ಮಧ್ಯಾಹ್ನ ಮೂರು ಗಂಟೆ. ಅಪ್ಪ ಫ್ಯಾಕ್ಟರಿಯಲ್ಲಿ, ಅಮ್ಮ ಮಲಗಿದ್ದಾಳೆ. ಆದರೆ ಗೋಡೆಯ ಆ ಕಡೆ ನೀನು ಕೆಮ್ಮಿದೆ — ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆಯಲ್ಲವೇ — ಪೆನ್ನು ಕೈಜಾರಿತು.

ನಿನಗೆ ಗೊತ್ತಿರುವುದನ್ನೂ ಬಿಡಿಸಿಯೇ ಬರೆಯುತ್ತೇನೆ. ಇದನ್ನು ನಿಮ್ಮ ಜಮಾತಿನ ಹಿರಿಯರಿಗೆ, ಓಣಿಯವರಿಗೆ, ಬೇಕೆಂದವರಿಗೆಲ್ಲ ತೋರಿಸು. ಯಾರಿಗೂ ಅನುಮಾನ ಉಳಿಯಬಾರದು. ಅನುಮಾನವನ್ನೇ ಆಯುಧ ಮಾಡಿಕೊಂಡು ಬದುಕಿದವನು ಹೀಗೆ ಬರೆಯುತ್ತಿದ್ದಾನೆ — ಇರಲಿ.

ಅನ್ವರ್ ಭಾಯ್ ಗಾರೆ ಕೆಲಸಕ್ಕೆ ದುಬೈಗೆ ಹೋದಾಗ ನಾವಿಬ್ಬರೂ ಹೈಸ್ಕೂಲಿನಲ್ಲಿದ್ದೆವು. ಅವರಿಗೆ ಬರೆಯಲು ಬಾರದು. ಹಾಗಾಗಿ ಮೊದಲ ರಜೆಯಲ್ಲಿ ಒಂದು ಟೇಪ್ ರೆಕಾರ್ಡರ್ ತಂದಿಟ್ಟು ಹೋದರು. ಆಮೇಲೆ ಊರಿಗೆ ಬರುವವರ ಕೈಯಲ್ಲೆಲ್ಲ ಕ್ಯಾಸೆಟ್ಟು. ಅದು ಯಾವ ದಿನ ಬಂದರೂ ನಿನ್ನ ಅಮ್ಮೀ ಜುಬೇದಾ ಖಾಲಾ ಶುಕ್ರವಾರದ ನಮಾಜು ಮುಗಿಯುವವರೆಗೆ ಹಾಕಗೊಡುತ್ತಿರಲಿಲ್ಲ. ಮಗನ ದನಿಯನ್ನು ಎಲ್ಲರೂ ಒಟ್ಟಿಗೆ ಕೇಳಬೇಕು, ಒಬ್ಬರೇ ಕೇಳಿದರೆ ಬರಕತ್ತಿಲ್ಲ, ಮನೆಗೆ ಏಳಿಗೆಯಿಲ್ಲ ಎನ್ನುತ್ತಿದ್ದರು. ಹಲಸೂರಿನ ನಮ್ಮ ಇಡೀ ಓಣಿ ನಿಮ್ಮ ನಡುಮನೆಯಲ್ಲಿ ಕೂರುತ್ತಿತ್ತು. ಹೆಂಗಸರು ಪರದೆಯ ಹಿಂದೆ, ನಾನು ಹೊಸ್ತಿಲಲ್ಲಿ.

ನಾನು ಅದೆಲ್ಲವನ್ನೂ ಪುರಾವೆಯಂತೆ ನೋಡುತ್ತಿದ್ದೆ. ತಗಡಿನ ಮಾಡು ಹೋಗಿ ಆರ್‌ಸಿಸಿ ಬಂತು. ಖಾಲಾರ ಕಣ್ಣಿನ ಪೊರೆ ತೆಗೆಸಿದಿರಿ. ನಿನ್ನ ತಂಗಿ ಶಾಹೀನ್ ಕಾನ್ವೆಂಟಿಗೆ ಸೇರಿದಳು, ಬೂಟು ಹಾಕಿಕೊಂಡು. ಕೊನೆಗೆ ನೀನೂ ಶಿವಾಜಿನಗರದ ಒಬ್ಬ ಏಜೆಂಟನ ಮೂಲಕ ದುಬೈಗೆ ಹೊರಡಲು ತಯಾರಾಗಿದ್ದೆ. ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ 'ಪರದೇಶದ ದುಡಿಮೆಯಿಂದ ಬಡ ಮನೆಗಳು ಮೇಲೆ ಬರುತ್ತವೆ' ಎಂಬ ವಿಷಯ ಬಂದಾಗ ಪರವಾಗಿ ಮಾತಾಡಲು ನನಗೆ ಪುಸ್ತಕವೇ ಬೇಕಿರಲಿಲ್ಲ. ನಿಮ್ಮ ಮನೆಯನ್ನೇ ಹೊತ್ತುಕೊಂಡು ಹೋಗಿ ವೇದಿಕೆಯ ಮೇಲಿಟ್ಟರೆ ಸಾಕಿತ್ತು.

ಗುರುವಾರ ಮಧ್ಯಾಹ್ನ ಅಭ್ಯಾಸ ಮಾಡಲೆಂದು ನಿನ್ನ ಹತ್ತಿರ ಟೇಪ್ ರೆಕಾರ್ಡರ್ ಕೇಳಿದೆ. ಹಿಂದಿನ ಸಂಜೆಯಷ್ಟೇ ಬಂದಿದ್ದ ಕ್ಯಾಸೆಟ್ಟು ಅದರೊಳಗಿತ್ತು.

"ಬೇರೆ ಖಾಲಿ ಕ್ಯಾಸೆಟ್ ಇಲ್ಲ ಕಣೋ. ಇದನ್ನೇ ತಿರುಗ್ಸಿ ಎರಡನೇ ಕಡೆ ಹಾಕ್ಕೋ. ಭಾಯ್ ಯಾವತ್ತೂ ಒಂದೇ ಕಡೆ ಮಾತಾಡೋದು. ಮೊದಲ್ನೇ ಕಡೆ ಮುಟ್ಟಿದ್ಯೋ, ಅಮ್ಮೀ ನಿನ್ ಚರ್ಮ ಸುಲೀತಾಳೆ, ವಕೀಲ್ ಸಾಬ್."

ನೀನು ಹೇಳಿದ್ದು ನಿಜ. ಹಿಂದಿನ ಯಾವ ಕ್ಯಾಸೆಟ್ಟಿನಲ್ಲೂ ಎರಡನೇ ಕಡೆ ಒಂದು ಮಾತಿರಲಿಲ್ಲ. ಆದರೂ ಒಂದು ನಿಮಿಷ ಹಾಕಿ ಕೇಳಬಹುದಿತ್ತು. ಪರೀಕ್ಷಿಸದೆ ಏನನ್ನೂ ಒಪ್ಪಬೇಡಿ ಎಂದು ದೇವರ ವಿಷಯದಲ್ಲೂ ಅಪ್ಪನೊಡನೆ ಜಗಳವಾಡುತ್ತಿದ್ದವನು ನಾನು. ಕೇಳಲಿಲ್ಲ. ನಮ್ಮ ಮನೆಗೆ ತಂದು ರೆಕಾರ್ಡಿನ ಕೆಂಪು ಗುಂಡಿ ಒತ್ತಿದೆ.

ಮೂರು ಸಲ ಭಾಷಣ ಮಾಡಿದೆ. ನಿಲ್ಲಿಸಿ, ಹಿಂದಕ್ಕೆ ತಿರುಗಿಸಲು ಮರೆತು, ಹಾಗೆಯೇ ಹಾಕಿಬಿಟ್ಟೆ. ನನ್ನ ದನಿ ಬರಬೇಕಿದ್ದ ಕಡೆ ಅನ್ವರ್ ಭಾಯ್ ಅಳುತ್ತಿದ್ದರು.

"...ಸಲೀಂ ಕೂ ನಕ್ಕೋ ಭೇಜೋ, ಅಮ್ಮೀ."

ಸಲೀಮನನ್ನು ಕಳಿಸಬೇಡಿ. ಅಷ್ಟು ದಖ್ಖನಿ ನನಗೆ ಬರುತ್ತದೆ. ಶಿವಾಜಿನಗರದ ಆ ಏಜೆಂಟ್ ಕಳಿಸುವ ಕಂಪನಿಯಲ್ಲಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುತ್ತಾರೆ, ತಿಂಗಳುಗಟ್ಟಲೆ ಸಂಬಳವಿಲ್ಲ, ಮೇಲಿನಿಂದ ಬಿದ್ದವರನ್ನು ಕೇಳುವವರಿಲ್ಲ. ಹಸಿದಿದ್ದರೂ ಸರಿ, ತಮ್ಮ ನಿಮ್ಮ ಕಣ್ಣೆದುರೇ ಇರಲಿ. ಇಷ್ಟೇ ಉಳಿದಿತ್ತು. ಮುಂಚೆ ಏನು ಹೇಳಿದ್ದರೋ — ಅದರ ಮೇಲೆ ನಾನಿದ್ದೆ. ಮೊದಲನೇ ಕಡೆ ಓಣಿಗೆ, ಎರಡನೇ ಕಡೆ ಮನೆಗೆ ಎಂದುಕೊಂಡಿದ್ದರೇನೋ. ತಂದವನಿಗೆ ಹೇಳಿ ಕಳಿಸಿದ್ದರಂತೆ, ಅವನು ಮರೆತ.

ಆಗ ಓಡಿ ಬಂದು ನಿನ್ನ ಮುಂದೆ ನಿಲ್ಲಬಹುದಿತ್ತು. ಇನ್ನೂ ನಾಲ್ಕೈದು ನಿಮಿಷದ ಮಾತು ಇತ್ತು, ಅಷ್ಟೇ ಸಾಕಿತ್ತು. ಆದರೆ ಹೆದರಿದೆ, ಸಲೀಂ. ಮಗನ ದನಿ ಅಳಿಸಿದವನು ಎಂದು ಖಾಲಾ ನೋಡುವ ನೋಟಕ್ಕೆ ಹೆದರಿದೆ, ಅಪ್ಪನಿಗೆ ಹೆದರಿದೆ, ನಾಳೆ ತುಂಬಿ ಕೂರುವ ಆ ನಡುಮನೆಗೆ ಹೆದರಿದೆ. ಟೇಪನ್ನು ಮೊದಲಿಗೆ ತಿರುಗಿಸಿದೆ. ಮತ್ತೆ ಕೆಂಪು ಗುಂಡಿ. ಮೈಕಿನ ಮೇಲೆ ದಿಂಬಿಟ್ಟು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಅರ್ಧ ಗಂಟೆ. ನನ್ನ ಭಾಷಣವನ್ನಷ್ಟೇ ಅಳಿಸಿದರೆ ನಡುವಿನಿಂದ ಶುರುವಾಗುವ ಅವರ ಅಳು ನನ್ನನ್ನು ಹಿಡಿದುಕೊಡುತ್ತಿತ್ತು; ಅದೂ ಹೋಗಬೇಕಿತ್ತು. ನಡುವೆ ಅಮ್ಮ ಬಾಗಿಲಲ್ಲಿ ನಿಂತು "ಅದೇನೋ ದಿಂಬು ಒತ್ಕೊಂಡು ಕೂತಿದ್ದೀಯ, ಹೊಟ್ಟೆ ನೋವಾ?" ಎಂದಳು. ಹೌದೆಂದು ತಲೆಯಾಡಿಸಿದೆ, ಬಾಯಿ ತೆರೆದರೆ ದನಿ ಒಳಗೆ ಹೋಗುತ್ತದಲ್ಲ.

ಶುಕ್ರವಾರ ಮೊದಲನೇ ಕಡೆ ಮುಗಿದಾಗ ಖಾಲಾ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದರು. ಪ್ರತಿಸಲವೂ ಹಾಕುತ್ತಿದ್ದರು, ಏನಾದರೂ ಉಳಿದಿದೆಯೇನೋ ಎಂಬ ಆಸೆ. ಸುಯ್ ಎಂಬ ಸದ್ದು. ಎಲ್ಲೋ ಒಂದೆಡೆ ದಿಂಬು ಸರಿದಿರಬೇಕು, ನಮ್ಮ ಬೀದಿಯ ಕಾಗೆ ಕೂಗಿದ್ದು ಸಣ್ಣಗೆ ಕೇಳಿಸಿತು. "ದುಬೈನಲ್ಲೂ ಕಾಗೆ ಇದ್ಯಾ?" ಎಂದು ಯಾರೋ ನಕ್ಕರು. ಖಾಲಾ ಕೊನೆಯವರೆಗೂ ಕಿವಿಗೊಟ್ಟು ಕೂತಿದ್ದರು.

ಸ್ಪರ್ಧೆಯಲ್ಲಿ ನಾನೇ ಗೆದ್ದೆ.

ನೀನು ಹೊರಡಲು ಹತ್ತು ದಿನವಿತ್ತು. ಕ್ಯಾಸೆಟ್ಟಿನ ಮಾತೆತ್ತದೆ ನಿನ್ನನ್ನು ತಡೆಯಬಹುದೆಂದು ಲೆಕ್ಕ ಹಾಕಿದೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ನೀನು ಬಟ್ಟೆ ಕತ್ತರಿಸುತ್ತಿದ್ದ ಟೈಲರ್ ಅಂಗಡಿಗೆ ಬಂದು, ಆ ಏಜೆಂಟ್ ಸರಿಯಿಲ್ಲವಂತೆ, ಯೋಚನೆ ಮಾಡು ಎಂದೆ.

"ಏನ್ ಗುರು! ದುಬೈಗೆ ಹೋದ್ರೆ ಮನೆ ಉದ್ಧಾರ ಅಂತ ಮೊನ್ನೆ ಕಪ್ ಹೊಡ್ಕೊಂಡ್ ಬಂದೆ, ಇವತ್ತು ಉಲ್ಟಾನಾ? ಯಾರು ಹೇಳಿದ್ದು ಸರಿಯಿಲ್ಲ ಅಂತ?"

ಯಾರು ಹೇಳಿದ್ದು. ಉತ್ತರ ನಾಲಗೆಯ ಮೇಲಿತ್ತು.

"ಹಿಂಗೇ... ಜನ ಮಾತಾಡ್ಕೋತಾರೆ," ಎಂದೆ.

"ಪುರಾವೆ ಇಲ್ದೆ ಮಾತಾಡ್ಬಾರ್ದು ಅಂತ ನೀನೇ ಹೇಳ್ತೀಯಲ್ಲ, ಮಗಾ," ಎಂದು ನನ್ನ ಬೆನ್ನಿಗೆ ಗುದ್ದಿ ನಕ್ಕೆ. ಆಮೇಲೆ ನಾನು ನನಗೇ ವಾದಿಸಿಕೊಂಡೆ — ಒಬ್ಬನ ಅನುಭವ ಎಲ್ಲರದಲ್ಲ, ಮನೆ ಬಿಟ್ಟವನಿಗೆ ಬೇಸರದಲ್ಲಿ ಎಲ್ಲವೂ ಕೆಟ್ಟದಾಗಿ ಕಾಣುತ್ತದೆ, ನಾಲ್ಕು ಮಾತು ಕೇಳಿ ತೀರ್ಮಾನಕ್ಕೆ ಬರಬಾರದು. ಒಳ್ಳೆಯ ವಾದಗಳೇ. ತೀರ್ಪುಗಾರರು ಅಂಕ ಕೊಡುತ್ತಿದ್ದರು.

ಒಂದೂವರೆ ವರ್ಷಕ್ಕೆ ನೀನು ಬಲಗೈಯ ಮೂರು ಬೆರಳಿಲ್ಲದೆ ಬಂದೆ. ಮರಳುಗಾಡಿನ ನಡುವೆ ಎಲ್ಲೋ ಒಂದು ತಗಡಿನ ಶೆಡ್ಡು, ಮೇಲಿನಿಂದ ಬಿದ್ದ ಕಬ್ಬಿಣ, ಕೊಡದೆ ಉಳಿಸಿಕೊಂಡ ಸಂಬಳ — ನೀನು ಹೇಳುತ್ತಿದ್ದರೆ ಒಂದೊಂದೂ ನಾನು ಮೊದಲೇ ಕೇಳಿದ ಮಾತಾಗಿತ್ತು. ಕತ್ತರಿ ಹಿಡಿಯಲಾಗದ ನಿನ್ನ ಕೈಯನ್ನು ನಾನು ಈವರೆಗೆ ನೇರವಾಗಿ ನೋಡಿಲ್ಲ. ನೀನು ಗಮನಿಸಿದ್ದೀಯೋ ಇಲ್ಲವೋ.

ನಿನ್ನ ಸಿಟ್ಟೆಲ್ಲ ಅಣ್ಣನ ಮೇಲೆ ಹೋಯಿತು. ಎಲ್ಲ ಗೊತ್ತಿದ್ದೂ ಒಂದು ಮಾತು ಹೇಳದೆ ಬಿಟ್ಟನೆಂದೆ. ಅವರು ಕಳಿಸಿದ ಹಣದ ಡ್ರಾಫ್ಟನ್ನು ನೀನು ಖಾಲಾರ ಕೈಯಿಂದಲೇ ಹಿಂದಕ್ಕೆ ಕಳಿಸಿದೆ. ಶಾಹೀನಳ ಶಾಲೆ ನಿಂತಿತು. ಈಗ ಅವಳು ಹೊಸ್ತಿಲಲ್ಲಿ ಕೂತು ಊದುಬತ್ತಿ ಹೊಸೆಯುತ್ತಾಳೆ. ನಾನು ಕಾಲೇಜಿಗೆ ಹೋಗುವಾಗ "ಶ್ರೀಧರಣ್ಣ, ಇವತ್ತು ಯಾರ್ ಮೇಲೆ ಜಗಳ?" ಎಂದು ಕೇಳುತ್ತಾಳೆ. ನಾನು ಬೇಗ ಬೇಗ ದಾಟಿಹೋಗುತ್ತೇನೆ.

ಹೋದ ತಿಂಗಳು ಅನ್ವರ್ ಭಾಯ್ ಬಂದರು. ನಿಮ್ಮಿಬ್ಬರ ಜಗಳ ಬಗೆಹರಿಸಲು ಜಮಾತಿನ ಹಿರಿಯರೆಲ್ಲ ಕೂತಿದ್ದರು. "ಹೇಳಿದ್ದೆ! ಕ್ಯಾಸೆಟ್ಟಿನ ಎರಡನೇ ಕಡೆ, ಅಮ್ಮೀಗೇ ಅಂತ ಹೇಳಿದ್ದೆ!" ಎಂದರು. ನೀನು ಎಡಗೈಯಲ್ಲಿ ಹುಡುಕಿ ಅದೇ ಕ್ಯಾಸೆಟ್ಟು ಹಾಕಿದೆ. ಸುಯ್ ಎಂಬ ಸದ್ದು. ನೀನು ನನ್ನ ಕಡೆ ತಿರುಗಿದೆ: "ವಕೀಲ್ ಸಾಬ್, ನೀನು ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸುಮ್ಮನಿರಬಹುದಿತ್ತು, ಸಲೀಂ. ಸುಮ್ಮನಿದ್ದರೆ ಪಾಪ ಅಷ್ಟಕ್ಕೇ ನಿಲ್ಲುತ್ತಿತ್ತು.

"ಹೇಳಿದ್ದಿದ್ರೆ ಟೇಪಲ್ಲಿ ಇರಬೇಕಿತ್ತಲ್ವಾ?" ಎಂದೆ.

ಹಿರಿಯರು ತಲೆದೂಗಿದರು. ಖಾಲಾ ಎದ್ದು ಒಳಗೆ ಹೋದರು. ಅನ್ವರ್ ಭಾಯ್ ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಗಲಿಬಿಲಿಯಿತ್ತು. ತಾನು ನಿಜವಾಗಿ ಹೇಳಿದ್ದೆನೇ ಎಂದು ಅವರಿಗೇ ಅನುಮಾನ ಬಂದ ಹಾಗೆ. ಆ ಅನುಮಾನ ನಾನು ಕೊಟ್ಟದ್ದು. ಅಂದಿನಿಂದ ನನಗೆ ನಿದ್ದೆಯಿಲ್ಲ, ಇದನ್ನು ಕನಿಕರಕ್ಕಾಗಿ ಹೇಳುತ್ತಿಲ್ಲ.

ನಿನ್ನೆ ಬಸ್ಸು ಹತ್ತಿ ಕೆ.ಆರ್. ಪುರಕ್ಕೆ, ಅನ್ವರ್ ಭಾಯ್ ಇಳಿದುಕೊಂಡಿರುವ ಅವರ ಮಾವನ ಮನೆಗೆ ಹೋದೆ. ಜಗಲಿಯ ಮೇಲೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು; ನಾಡಿದ್ದು ಹೊರಡುತ್ತಾರೆ, ಇನ್ನು ಈ ಕಡೆ ಬರುವುದಿಲ್ಲವಂತೆ. ಎಲ್ಲ ಹೇಳಿದೆ. ಹೊಡೆಯುತ್ತಾರೆಂದು ಕಾದೆ. ಅವರು ಗಂಟು ಹಾಕಿ ಮುಗಿಸುವವರೆಗೂ ತಲೆಯೆತ್ತಲಿಲ್ಲ.

"ನಂಗ್ಯಾಕೆ ಹೇಳ್ತೀಯ?" ಎಂದರು. "ಅಮ್ಮೀಗೆ ಹೇಳು."

ಬರುವಾಗ ಬಸ್ಸಿನಲ್ಲಿ ಮತ್ತೆ ವಾದಗಳು ಹುಟ್ಟತೊಡಗಿದವು — ಕಾಗದ ಸಾಕು, ಸಲೀಂ ಓದಿ ಹೇಳಲಿ, ಅವರು ಹೊರಟ ಮೇಲೆ ನಿಧಾನವಾಗಿ... ಒಂದನ್ನೂ ಇಲ್ಲಿ ಪೂರ್ತಿ ಬರೆಯುವುದಿಲ್ಲ.

ಗೋಡೆಯಾಚೆ ಖಾಲಾ ಶಾಹೀನಳನ್ನು ನೀರು ತರಲು ಕೂಗುತ್ತಿದ್ದಾರೆ. ಎದ್ದಿದ್ದಾರೆ ಎಂದಾಯಿತು. ಅವರಿಗೆ ಕನ್ನಡ ಓದಲು ಬಾರದು. ಈ ಹಾಳೆಗಳನ್ನು ನಿನ್ನ ಕೈಗಿಟ್ಟು ನಾನು ನೇರ ಒಳಗೆ ಹೋಗುತ್ತೇನೆ; ನೀನು ಓದಿ ಮುಗಿಸುವಷ್ಟರಲ್ಲಿ ಅವರಿಗೆ ಹೇಳಿಯಾಗಿರಬೇಕು. ನೀನು ಎದ್ದು ಬಂದು ಏನು ಮಾಡಿದರೂ ಮಾಡು, ತಡೆಯುವುದಿಲ್ಲ. ಆದರೆ ಮೊದಲು ಖಾಲಾರನ್ನು ಕೆ.ಆರ್. ಪುರದ ಬಸ್ಸು ಹತ್ತಿಸು.